ಸ್ನಾಯು ಗಾಯ ಮಾಯುವ ಹಂತಗಳು ಮತ್ತು ಚಿಕಿತ್ಸಕ ಅಲ್ಟ್ರಾಸೌಂಡ್

ಚಿಕಿತ್ಸಕ ಅಲ್ಟ್ರಾಸೌಂಡ್, ಅಂದರೆ ಕಿವಿಗೆ ಕೇಳಿಸದ ಧ್ವನಿ ಅಲೆಗಳನ್ನು ಗಾಯಕ್ಕೆ ಹಾಯಿಸುವ ಚಿಕಿತ್ಸೆ, ಉರಿಯೂತವನ್ನು ತಗ್ಗಿಸುತ್ತದೆ ಎಂದು ಭೌತಚಿಕಿತ್ಸೆಯ ಉತ್ತರ ಪತ್ರಿಕೆಯಲ್ಲಿ ಬರೆಯುವ ರೂಢಿ ನಮ್ಮಲ್ಲಿದೆ. ಆದರೆ ಸ್ನಾಯು ಗಾಯದ ಮಟ್ಟಿಗೆ ಈ ಮಾತು ದಾರಿ ತಪ್ಪಿಸುತ್ತದೆ. ಅಡಿಕೆ ಕೊಯ್ಲಿನ ಕಾಲದಲ್ಲಿ ತೀರ್ಥಹಳ್ಳಿಯ ಕಡೆಯ ಕೊನೆಗಾರರೊಬ್ಬರು ಮರದಿಂದ ಇಳಿದು ಕಾಲೂರುವಾಗ ಅವರ ಮೀನಖಂಡದ ಒಳಬದಿಯ ಸ್ನಾಯು ಭಾಗಶಃ ಹರಿದು, ಎರಡನೆಯ ದಿನ ಅವರು ಶಿವಮೊಗ್ಗದ ಭೌತಚಿಕಿತ್ಸಾ ವಿಭಾಗಕ್ಕೆ ಬಂದರು ಎಂದು ಭಾವಿಸೋಣ.

ಗಾಯವಾದ ಕೆಲವೇ ಗಂಟೆಗಳಲ್ಲಿ ನ್ಯೂಟ್ರೋಫಿಲ್‌ಗಳೆಂಬ ಬಿಳಿ ರಕ್ತಕಣಗಳು ಅಲ್ಲಿ ಸೇರುತ್ತವೆ. ಒಂದೆರಡು ದಿನಗಳಲ್ಲಿ ಮ್ಯಾಕ್ರೋಫೇಜ್‌ಗಳೆಂಬ ಭಕ್ಷಕ ಕೋಶಗಳ ಸಂಖ್ಯೆ ಏರಿ, ಅವು ಸತ್ತ ತಂತುಗಳನ್ನು ತೆರವುಗೊಳಿಸುವುದರ ಜೊತೆಗೆ, ಸ್ನಾಯುವಿನ ಮೂಲಕೋಶಗಳಾದ ಸ್ಯಾಟಲೈಟ್ ಕೋಶಗಳು ವೃದ್ಧಿಯಾಗಲು ಬೇಕಾದ ಸಂಕೇತಗಳನ್ನೂ ಹೊರಡಿಸುತ್ತವೆ. ಮುಂದಿನ ದಿನಗಳಲ್ಲಿ ಮ್ಯಾಕ್ರೋಫೇಜ್‌ಗಳ ಸ್ವಭಾವವೇ ಬದಲಾಗುತ್ತದೆ: ಉರಿಯೂತವನ್ನು ಶಮನಗೊಳಿಸುವ ಬಗೆಯವು ಹೆಚ್ಚಾಗಿ, ಹೊಸ ಕೋಶಗಳು ಬೆಸೆದುಕೊಂಡು ತಂತುಗಳಾಗಲು ನೆರವಾಗುತ್ತವೆ. ಇಲಿಗಳಲ್ಲಿ ಆರಂಭದ ಮ್ಯಾಕ್ರೋಫೇಜ್‌ಗಳನ್ನು ಇಲ್ಲವಾಗಿಸಿದರೆ ಸ್ನಾಯುವಿನ ಪುನರುತ್ಪತ್ತಿಯೇ ಕುಂಠಿತವಾಗುತ್ತದೆ. ಹೀಗಾಗಿ ಉರಿಯೂತವನ್ನು ಅಳಿಸುವುದು ನಮ್ಮ ಗುರಿಯಾಗಲಾರದು. ಅದು ಎಳೆದಾಡದೆ ಮುಂದಿನ ಹಂತಕ್ಕೆ ಸಾಗಬೇಕು, ಏಕೆಂದರೆ ಎಳೆದಾಡಿದಲ್ಲಿ ತಂತುವಿನ ಜಾಗದಲ್ಲಿ ಗಡುಸಾದ ಕಲೆಯ ಅಂಗಾಂಶ ಬೆಳೆಯುತ್ತದೆ. ಅಲ್ಟ್ರಾಸೌಂಡ್‌ನ ಪರವಾದ ವಾದವೂ ಇಷ್ಟೇ: ಶಾಖ ಹುಟ್ಟಿಸದ ಸ್ಪಂದಿತ (ಬಿಟ್ಟು ಬಿಟ್ಟು ಹೊಮ್ಮುವ) ಅಲೆಗಳು ಕೋಶದ ಸುತ್ತಲಿನ ದ್ರವದಲ್ಲಿ ಸೂಕ್ಷ್ಮ ಹರಿವನ್ನುಂಟುಮಾಡಿ, ಕೋಶಪೊರೆಯ ಚಟುವಟಿಕೆಯನ್ನು ಚುರುಕುಗೊಳಿಸಿ, ಈ ಸಾಗುವಿಕೆಗೆ ನೆರವಾಗಬಹುದು.

ಪ್ರಮಾಣದ ಲೆಕ್ಕದಲ್ಲಿಯೇ ಹೆಚ್ಚಿನವರು ಎಡವುತ್ತಾರೆ. 1 ಮೆಗಾಹರ್ಟ್ಸ್ ಅಲೆಗಳು ಆಳಕ್ಕೂ 3 ಮೆಗಾಹರ್ಟ್ಸ್ ಅಲೆಗಳು ಮೇಲುಪದರಕ್ಕೂ ಸಲ್ಲುತ್ತವೆ. ತೀವ್ರತೆಯನ್ನು ಪ್ರತಿ ಚದರ ಸೆಂಟಿಮೀಟರಿಗೆ 0.5 ವ್ಯಾಟ್‌ಗೆ ಇಟ್ಟು, ಸ್ಪಂದನವನ್ನು 1:4 ಅನುಪಾತದಲ್ಲಿ ಆರಿಸಿದರೆ, ಅಲೆ ಹೊಮ್ಮುವುದು ಕಾಲದ ಐದನೆಯ ಒಂದು ಭಾಗದಲ್ಲಿ ಮಾತ್ರ. ಆದ್ದರಿಂದ ಸರಾಸರಿ ತೀವ್ರತೆ 0.1 ವ್ಯಾಟ್. ಶಾಖ ಬೇಡವಾದ ಆರಂಭದ ದಿನಗಳಿಗೆ ಇಂಥ ಆಯ್ಕೆಯನ್ನು ಬೋಧಿಸಲಾಗುತ್ತದೆ. ಗಾಳಿಯ ಪದರ ಅಲೆಗಳನ್ನು ಹಿಂದಕ್ಕೆ ಕಳಿಸುವುದರಿಂದ ಜೆಲ್ ಅನಿವಾರ್ಯ; ಯಂತ್ರದ ಅಲೆ ಹೊಮ್ಮಿಸುವ ತಲೆಯನ್ನು ಒಂದೇ ಕಡೆ ನಿಲ್ಲಿಸಬಾರದು. ರಕ್ತಸ್ರಾವ ನಿಲ್ಲದ ಗಾಯ, ಗರ್ಭಿಣಿಯ ಹೊಟ್ಟೆ, ಕ್ಯಾನ್ಸರ್ ಗಡ್ಡೆ ಇರುವ ಕಡೆ ಬಳಕೆ ಸಲ್ಲದು. ಆಳದ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿರುವಾಗಲೂ ಸಲ್ಲದು. ಅದೂ ಮೀನಖಂಡದ ನೋವು, ಬಾವುಗಳಾಗಿಯೇ ಕಾಣಿಸಿಕೊಳ್ಳುವುದರಿಂದ, ಹರಿದ ಸ್ನಾಯು ಎಂದು ತೀರ್ಮಾನಿಸುವ ಮೊದಲೇ ಈ ಶಂಕೆಯನ್ನು ಪರಿಹರಿಸಿಕೊಳ್ಳಬೇಕು.

ಇನ್ನೊಂದು ತೊಡಕು ಭೌತಶಾಸ್ತ್ರದ್ದು. ಕೊಲಾಜನ್ ಎಂಬ ನಾರಿನಂಥ ಪ್ರೋಟೀನ್ ದಟ್ಟವಾಗಿರುವ ಸ್ನಾಯುರಜ್ಜು (ಟೆಂಡನ್), ಅಸ್ಥಿಬಂಧಗಳು (ಲಿಗಮೆಂಟ್) ಅಲೆಯನ್ನು ಚೆನ್ನಾಗಿ ಹೀರುತ್ತವೆ. ಸ್ನಾಯುವಿನ ಹೀರುವಿಕೆ ಅವುಗಳಿಗಿಂತ ಕಡಿಮೆ. ಪ್ರಯೋಗಾಲಯದ ಪ್ರಾಣಿಗಳಲ್ಲಿ ದೊರೆತ ಫಲಿತಾಂಶಗಳು ಒಂದೇ ತೆರನಾಗಿಲ್ಲ. 2001ರಲ್ಲಿ ಪ್ರಕಟವಾದ ರಾಬರ್ಟ್‌ಸನ್ ಮತ್ತು ಬೇಕರ್ ಅವರ ವಿಮರ್ಶೆಯು, ನೋವು ಮತ್ತು ಮೃದು ಅಂಗಾಂಶದ ತೊಂದರೆಗಳಲ್ಲಿ ನಿಜವಾದ ಅಲ್ಟ್ರಾಸೌಂಡ್ ಹುಸಿ ಚಿಕಿತ್ಸೆಗಿಂತ ಮೇಲೆನ್ನಲು ಪುರಾವೆ ತೀರ ಕಡಿಮೆ ಎಂದು ತೀರ್ಮಾನಿಸಿತು. ನನ್ನ ದೃಷ್ಟಿಯಲ್ಲಿ ಈ ಯಂತ್ರಕ್ಕೆ ಸಹಾಯಕನ ಸ್ಥಾನ ಸಾಕು.

ಆ ಕೊನೆಗಾರರಿಗೆ ಮೊದಲು ಹೇಳಬೇಕಾದದ್ದು ಹಂಡೆಯ ಬಿಸಿನೀರಿನ ಶಾಖ ಮತ್ತು ಎಣ್ಣೆಯ ಗಟ್ಟಿ ತಿಕ್ಕಾಟವನ್ನು ಆರಂಭದ ದಿನಗಳಲ್ಲಿ ಬಿಡುವಂತೆ. ಇವೆರಡೂ ರಕ್ತಸ್ರಾವವನ್ನು ಹೆಚ್ಚಿಸಬಲ್ಲವು. ಬಳಿಕ ನೋವಿನ ಮಿತಿಯೊಳಗೆ ಹಿಮ್ಮಡಿ ಎತ್ತುವ ವ್ಯಾಯಾಮವನ್ನು ಎರಡು ಕಾಲುಗಳಿಂದ ಆರಂಭಿಸಿ, ಒಂಟಿ ಕಾಲಿಗೆ ಏರಿಸಬೇಕು. ಗಾಯವಾದ ಕಾಲೊಂದರ ಮೇಲೆ ನೋವಿಲ್ಲದೆ, ಇನ್ನೊಂದು ಕಾಲಿನಷ್ಟೇ ಬಾರಿ ಹಿಮ್ಮಡಿ ಎತ್ತಲು ಸಾಧ್ಯವಾಗುವವರೆಗೆ ಅವರು ಮರ ಹತ್ತಬಾರದು.