ಪದ ಪರಿಚಯ: ಥೆರಪ್ಯೂಟಿಕ್ ಹೈಪೋಥರ್ಮಿಯಾ

ಹುಟ್ಟಿದ ಮಗುವನ್ನು ಒರೆಸಿ ಬೆಚ್ಚಗಿಡಬೇಕು ಎಂಬುದು ಹೆರಿಗೆ ಕೋಣೆಯಲ್ಲಿ ಕಲಿಸುವ ಮೊದಲ ಪಾಠ. ಒಂದು ಕಾಯಿಲೆಯಲ್ಲಿ ಮಾತ್ರ ನವಜಾತ ಶಿಶು ತೀವ್ರ ನಿಗಾ ಘಟಕದವರು ಬೇಕೆಂದೇ ಮಗುವಿನ ಮೈಯ ಉಷ್ಣತೆಯನ್ನು 33.5 ಡಿಗ್ರಿ ಸೆಲ್ಸಿಯಸ್‌ಗೆ ಇಳಿಸಿ, 72 ಗಂಟೆ ಅಲ್ಲೇ ಹಿಡಿದಿಡುತ್ತಾರೆ. ಇದೇ ಥೆರಪ್ಯೂಟಿಕ್ ಹೈಪೋಥರ್ಮಿಯಾ. ಘಟಕದೊಳಗೆ ಎಲ್ಲರೂ ‘ಕೂಲಿಂಗ್’ ಎನ್ನುತ್ತಾರೆ.

ಆ ಕಾಯಿಲೆಯ ಹೆಸರು ಹೈಪಾಕ್ಸಿಕ್ ಇಸ್ಕೀಮಿಕ್ ಎನ್‌ಸೆಫಲೋಪತಿ, ಚಿಕ್ಕದಾಗಿ ಎಚ್‌ಐಇ. ಹೆರಿಗೆಯ ಆಸುಪಾಸಿನಲ್ಲಿ ಮಿದುಳಿಗೆ ಆಮ್ಲಜನಕವೂ ರಕ್ತವೂ ಕಡಿಮೆಯಾಗಿ ಆಗುವ ಪೆಟ್ಟು ಇದು. ಮಾಸು ಮುಂಚೆಯೇ ಕಳಚಿಕೊಂಡಾಗ, ಹೊಕ್ಕುಳಬಳ್ಳಿ ಮಗುವಿಗಿಂತ ಮೊದಲು ಜಾರಿ ಒತ್ತಿಹೋದಾಗ, ಹಳೆಯ ಸಿಸೇರಿಯನ್ ಗಾಯದ ಜಾಗದಲ್ಲಿ ಗರ್ಭಕೋಶ ಬಿರಿದಾಗ, ತಲೆ ಹೊರಬಂದು ಭುಜ ಸಿಕ್ಕಿಕೊಂಡಾಗ, ಹೆರಿಗೆ ನೋವು ತೀರಾ ಎಳೆದಾಗ ಹೀಗಾಗಬಹುದು. ಮನೆಯವರು ಹೇಳುವುದು ಒಂದೇ ಮಾತು: “ಹುಟ್ಟಿದಾಗ ಮಗು ಅಳಲೇ ಇಲ್ಲ.” ಆದರೆ ತಡವಾಗಿ ಅತ್ತ ಮಕ್ಕಳಿಗೆಲ್ಲ ಎಚ್‌ಐಇ ಇರುವುದಿಲ್ಲ. ಉಸಿರು ಬಂದ ಮೇಲೂ ಮಗು ಮಂಕಾಗಿ, ಮೈ ಸಡಿಲವಾಗಿ, ಹಾಲು ಚೀಪದೆ ಬಿದ್ದಿದ್ದರೆ ಮಿದುಳಿಗೆ ಪೆಟ್ಟು ಬಿದ್ದಿದೆಯೆಂದು ಅನುಮಾನಿಸಬೇಕು.

ಮಿದುಳಿನ ಜೀವಕೋಶಗಳೆಲ್ಲ ಉಸಿರುಗಟ್ಟಿದ ಆ ನಿಮಿಷಗಳಲ್ಲೇ ಸಾಯುವುದಿಲ್ಲ. ಕೂಲಿಂಗ್‌ಗೆ ಅವಕಾಶ ಇರುವುದೇ ಈ ಕಾರಣಕ್ಕೆ. ಮೊದಲ ಪೆಟ್ಟಿಗೆ ಒಂದಷ್ಟು ಕೋಶಗಳು ಹೋಗುತ್ತವೆ. ಉಸಿರಾಟ, ರಕ್ತಸಂಚಾರ ಮರಳಿದಾಗ ಉಳಿದವು ಚೇತರಿಸಿಕೊಂಡಂತೆ ಕಾಣುತ್ತವೆ. ಸುಮಾರು ಆರು ಗಂಟೆಯ ಈ ಬಿಡುವು ಮುಗಿದ ಮೇಲೆ ಎರಡನೆಯ ಕುಸಿತ ಶುರುವಾಗುತ್ತದೆ. ನರಕೋಶಗಳನ್ನು ಕೆರಳಿಸುವ ಗ್ಲುಟಮೇಟ್ ಮಿತಿಮೀರಿ, ಕೋಶದೊಳಗೆ ಕ್ಯಾಲ್ಸಿಯಂ ನುಗ್ಗಿ, ಕೋಶಕ್ಕೆ ಶಕ್ತಿ ಒದಗಿಸುವ ಮೈಟೋಕಾಂಡ್ರಿಯಾಗಳು ಕೈಕೊಡುತ್ತವೆ. ಫಿಟ್ಸ್ ಹೆಚ್ಚಾಗಿ ಕಾಣುವುದು ಆಗಲೇ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಆಸ್ಮಂಡ್ ರೆನಾಲ್ಡ್ಸ್ ಅವರ ತಂಡ 1980ರ ದಶಕದಲ್ಲಿ ಎಂಆರ್ ಸ್ಪೆಕ್ಟ್ರೋಸ್ಕೋಪಿಯಿಂದ (ಕಾಂತಕ್ಷೇತ್ರ ಬಳಸಿ ಅಂಗದೊಳಗಿನ ರಾಸಾಯನಿಕಗಳನ್ನು ಅಳೆಯುವ ವಿಧಾನ) ಶಿಶುಗಳ ಮಿದುಳಿನ ಶಕ್ತಿಮಟ್ಟ ಅಳೆದು ಈ ಎರಡು ಹಂತಗಳನ್ನು ತೋರಿಸಿಕೊಟ್ಟಿತು. ತಂಪಿನಲ್ಲಿ ಮಿದುಳಿಗೆ ಬೇಕಾಗುವ ಶಕ್ತಿ ಕಡಿಮೆ, ಕೋಶ ಸಾಯಿಸುವ ಸರಪಳಿ ಕ್ರಿಯೆಯೂ ನಿಧಾನ. ಹಾಗಾಗಿ ಬಿಡುವಿನ ಅವಧಿಯಲ್ಲೇ ತಂಪು ಮಾಡಿದರೆ ಎರಡನೆಯ ಕುಸಿತವನ್ನು ತಗ್ಗಿಸಬಹುದು.

ಹುಟ್ಟಿದ ಆರು ಗಂಟೆಯೊಳಗೆ ಕೂಲಿಂಗ್ ಶುರುವಾಗಬೇಕು ಎಂಬ ಗಡುವು ಬಂದದ್ದು ಕುರಿಯ ಭ್ರೂಣಗಳ ಮೇಲಿನ ಪ್ರಯೋಗಗಳಿಂದ. ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ಅಲಿಸ್ಟರ್ ಗನ್ ಮತ್ತು ಸಂಗಡಿಗರು ಮಿದುಳಿನ ರಕ್ತ ಹರಿವನ್ನು 30 ನಿಮಿಷ ತಡೆದು, ಬೇರೆ ಬೇರೆ ಹೊತ್ತಿಗೆ ತಂಪು ಶುರುಮಾಡಿ ನೋಡಿದರು. ಒಂದೂವರೆ ಗಂಟೆಯೊಳಗೆ ಶುರುಮಾಡಿದಾಗ ರಕ್ಷಣೆ ಚೆನ್ನಾಗಿತ್ತು, ಐದೂವರೆ ಗಂಟೆಗೆ ಅರೆಬರೆ. ಫಿಟ್ಸ್ ಶುರುವಾದ ಮೇಲೆ, ಎಂಟೂವರೆ ಗಂಟೆಗೆ, ಲಾಭವೇ ಇರಲಿಲ್ಲ. ಆರು ಗಂಟೆ ಎಂದರೆ ಆರನೆಯ ಗಂಟೆಯವರೆಗೂ ಕಾಯಬಹುದು ಎಂದಲ್ಲ. ಎರಡನೆಯ ಗಂಟೆಯಲ್ಲಿ ಶುರುವಾದ ಕೂಲಿಂಗೂ ಐದೂಮುಕ್ಕಾಲಿಗೆ ಶುರುವಾದದ್ದೂ ಒಂದೇ ಅಲ್ಲ.

ಎಲ್ಲ ಶಿಶುಗಳಿಗೂ ಇದು ಸಲ್ಲದು. ಗರ್ಭದಲ್ಲಿ 36 ವಾರ ತುಂಬಿರಬೇಕು. ಹೊಕ್ಕುಳಬಳ್ಳಿಯ ಅಥವಾ ಮೊದಲ ಗಂಟೆಯೊಳಗೆ ತೆಗೆದ ರಕ್ತದಲ್ಲಿ ಪಿಎಚ್ 7.0 ಅಥವಾ ಅದಕ್ಕಿಂತ ಕಡಿಮೆ, ಇಲ್ಲವೇ ಬೇಸ್ ಡೆಫಿಸಿಟ್ (ರಕ್ತದಲ್ಲಿ ಆಮ್ಲ ಎಷ್ಟು ಸೇರಿದೆ ಎಂಬುದರ ಇನ್ನೊಂದು ಅಳತೆ) 16 ಅಥವಾ ಹೆಚ್ಚು ಇರಬೇಕು. ರಕ್ತದ ಗ್ಯಾಸ್ ಪರೀಕ್ಷೆಯ ಅನುಕೂಲ ಇಲ್ಲದಿದ್ದರೆ ಹತ್ತನೆಯ ನಿಮಿಷದ ಅಪ್ಗಾರ್ ಅಂಕ (ಉಸಿರು, ಎದೆಬಡಿತ, ಬಣ್ಣ ಮುಂತಾದವನ್ನು ನೋಡಿ ಹತ್ತಕ್ಕೆ ಕೊಡುವ ಅಂಕ) 5 ಅಥವಾ ಕಡಿಮೆ ಇದೆಯೇ, ಆಗಲೂ ಬ್ಯಾಗಿನಿಂದ ಉಸಿರು ಕೊಡಬೇಕಾಗಿತ್ತೇ ಎಂದು ನೋಡುತ್ತಾರೆ. ಇವುಗಳ ಜೊತೆಗೆ, 1976ರ ಸಾರ್ನಟ್ ವಿಂಗಡಣೆಯ ಪ್ರಕಾರ ಮಗು ಎರಡನೆಯ ಅಥವಾ ಮೂರನೆಯ ಹಂತದಲ್ಲಿರಬೇಕು. ಮೊದಲ ಹಂತದ ಮಗು ಕಣ್ಣರಳಿಸಿ, ಚಿಕ್ಕ ಸದ್ದಿಗೂ ಬೆಚ್ಚುತ್ತದೆ. ಎರಡನೆಯದರಲ್ಲಿ ಮಂಪರು, ಸಡಿಲ ಕೈಕಾಲು, ಕ್ಷೀಣ ಚೀಪುವಿಕೆ, ಹಲವು ಸಲ ಫಿಟ್ಸ್. ಮೂರನೆಯದರಲ್ಲಿ ಮಗು ಪೂರಾ ಜೋಲುಬಿದ್ದಿರುತ್ತದೆ, ಚೀಪುವ ಪ್ರತಿಕ್ರಿಯೆಯೇ ಇರುವುದಿಲ್ಲ. ಈ ಹಂತ ಗಂಟೆಯಿಂದ ಗಂಟೆಗೆ ಬದಲಾಗಬಹುದು, ಆದ್ದರಿಂದ ಒಮ್ಮೆ ನೋಡಿ ‘ಸೌಮ್ಯ’ ಎಂದು ಬರೆದು ಬಿಡದೆ ಆರು ಗಂಟೆಯೊಳಗೆ ಮತ್ತೆ ಮತ್ತೆ ಪರೀಕ್ಷಿಸಬೇಕು.

ಕೂಲಿಂಗ್ ಶುರುವಾಗುವಾಗ ಮಗುವಿಗೆ ಮೇಲಿನಿಂದ ಶಾಖ ಕೊಡುವ ರೇಡಿಯಂಟ್ ವಾರ್ಮರ್ ಆರಿಸಿ, ಟೋಪಿ, ಹೊದಿಕೆ ತೆಗೆಯುತ್ತಾರೆ. ಮಗು ಮಲಗುವ ಹಾಸು ಅಥವಾ ಸುತ್ತುವ ಹೊದಿಕೆಯೊಳಗೆ ದ್ರವ ಹರಿಯುತ್ತಿರುತ್ತದೆ. ಗುದದ್ವಾರದೊಳಗೆ ಸುಮಾರು 5 ಸೆಂಟಿಮೀಟರ್ ತೂರಿಸಿ ತೊಡೆಗೆ ಅಂಟಿಸಿದ ಪ್ರೋಬ್ ಮೈಯೊಳಗಿನ ಉಷ್ಣತೆಯನ್ನು ಯಂತ್ರಕ್ಕೆ ತಿಳಿಸುತ್ತದೆ. ಅದನ್ನು ಓದಿ ಯಂತ್ರವೇ ದ್ರವವನ್ನು ತಣ್ಣಗೆ ಅಥವಾ ಬೆಚ್ಚಗೆ ಮಾಡಿ ಮೈಯನ್ನು 33ರಿಂದ 34 ಡಿಗ್ರಿಯೊಳಗೆ ಇಡುತ್ತದೆ. ಪ್ರೋಬ್ ಜಾರಿ ಹೊರಬಂದರೆ ಅದು ಕೋಣೆಯ ಉಷ್ಣತೆಯನ್ನು ಓದುತ್ತದೆ. ಮಗು ತೀರಾ ತಣ್ಣಗಾಗಿದೆ ಎಂದುಕೊಂಡು ಯಂತ್ರ ದ್ರವವನ್ನು ಬಿಸಿಮಾಡುತ್ತದೆ, ಎಚ್‌ಐಇ ಆದ ಮಗುವಿಗೆ ಏರಲೇಬಾರದ ಉಷ್ಣತೆ ಏರುತ್ತದೆ. ಹಾಗಾಗಿ ಪರದೆಯ ಅಂಕಿಯೊಂದನ್ನೇ ನಂಬದೆ ಚರ್ಮದ ಮೇಲೆ ಇನ್ನೊಂದು ಪ್ರೋಬ್ ಇಟ್ಟು, ಡೈಪರ್ ಬದಲಿಸಿದಾಗಲೆಲ್ಲ ಅಂಟು ಸರಿಯಿದೆಯೇ ಎಂದು ನೋಡಬೇಕು.

ಯಂತ್ರ ಇಲ್ಲದ ಕಡೆ ಜೆಲ್ ಪ್ಯಾಕ್ ಬಳಸುವುದುಂಟು. ನಮ್ಮ ದೇಶದಲ್ಲಿ ವೆಲ್ಲೂರಿನ ಸಿಎಂಸಿ ಜೊತೆ ಸೇರಿ ರೂಪಿಸಿದ ಮಿರಾಕ್ರೇಡಲ್‌ನಂಥ, ನಿಗದಿತ ಉಷ್ಣತೆಯಲ್ಲಿ ಕರಗುವ ವಸ್ತುವಿನ ಹಾಸುಗಳೂ ಇವೆ. ಇಂಥ ಕಡೆ ಯಂತ್ರ ಮಾಡುವ ಕೆಲಸವನ್ನು ನರ್ಸ್ ಮಾಡಬೇಕು. ಮೊದಲ ಗಂಟೆಗಳಲ್ಲಿ 15 ನಿಮಿಷಕ್ಕೊಮ್ಮೆ ಉಷ್ಣತೆ ಬರೆದು, ಪ್ಯಾಕ್ ತೆಗೆಯುವುದು, ಇಡುವುದು. ಪೆಟ್ಟುಬಿದ್ದ ಮಿದುಳಿಗೆ ಮೈಯ ಶಾಖ ಹಿಡಿದಿಡಲು ಬಾರದ್ದರಿಂದ ಅಂಕಿ 32ಕ್ಕಿಂತ ಕೆಳಗೆ ಜಾರುವುದು ಸುಲಭ. ಆಗ ರಕ್ತ ಹೆಪ್ಪುಗಟ್ಟುವುದು ಕೆಡುತ್ತದೆ, ಹೃದಯದ ಲಯ ತಪ್ಪಬಹುದು. ಮಂಜುಗಡ್ಡೆಯನ್ನು ನೇರವಾಗಿ ಮೈಗಿಟ್ಟರೆ ಚರ್ಮ ಹಾಳಾಗುತ್ತದೆ.

ಆ ಮೂರು ದಿನ ಹೃದಯ ಬಡಿತ ನಿಮಿಷಕ್ಕೆ 80ರಿಂದ 100ಕ್ಕೆ ಇಳಿದರೆ ಗಾಬರಿ ಬೇಡ, ತಂಪಿನಲ್ಲಿ ಅದು ಸಹಜ. ಬಡಿತ ಏರಿದರೆ ಮಗುವಿಗೆ ನೋವೋ ಚಳಿಯ ಕಿರಿಕಿರಿಯೋ ಇದೆಯೆಂದು ಅನುಮಾನಿಸಬೇಕು. ಹಲವು ಕಡೆ ಕಡಿಮೆ ಪ್ರಮಾಣದ ಮಾರ್ಫಿನ್ ಕೊಡುತ್ತಾರೆ. ತಂಪಿನಲ್ಲಿ ಮಾರ್ಫಿನ್, ಫಿನೋಬಾರ್ಬಿಟೋನ್, ಜೆಂಟಮೈಸಿನ್ ನಿಧಾನವಾಗಿ ದೇಹ ಬಿಡುತ್ತವೆ, ಎಂದಿನ ಅಂತರದಲ್ಲಿ ಕೊಟ್ಟರೆ ಶೇಖರವಾಗುತ್ತವೆ. ವೆಂಟಿಲೇಟರಿನಲ್ಲಿ ಅತಿಯಾಗಿ ಉಸಿರು ತುಂಬಿ ರಕ್ತದ ಇಂಗಾಲದ ಡೈಆಕ್ಸೈಡ್ ಒತ್ತಡ 35 ಮಿ.ಮೀ. ಪಾದರಸಕ್ಕಿಂತ ಕೆಳಗಿಳಿದರೆ ಮಿದುಳಿನ ರಕ್ತನಾಳ ಕುಗ್ಗುತ್ತದೆ. ರಕ್ತದ ಸಕ್ಕರೆ ಕುಸಿದರೂ ಕೇಡೇ. ನವಜಾತ ಶಿಶುವಿನ ಫಿಟ್ಸ್ ಕೈಕಾಲು ಅದುರದೆಯೂ ಬರುತ್ತದೆ: ತುಟಿ ಚಪ್ಪರಿಸುವುದು, ಕಣ್ಣು ಒಂದೆಡೆ ನೆಟ್ಟುಹೋಗುವುದು, ಉಸಿರು ನಿಲ್ಲುವುದು. ಹೊರಗೆ ಏನೂ ಕಾಣದೆ ಮಿದುಳಿನ ವಿದ್ಯುತ್ ಚಟುವಟಿಕೆ ದಾಖಲಿಸುವ ಇಇಜಿಯಲ್ಲಿ ಮಾತ್ರ ತೋರುವುದೂ ಇದೆ. ಮೊದಲ ಔಷಧಿ ಫಿನೋಬಾರ್ಬಿಟೋನ್, ಕಿಲೋಗೆ 20 ಮಿಲಿಗ್ರಾಂ.

ಮರಳಿ ಬೆಚ್ಚಗಾಗಿಸುವಾಗಲೂ ಅವಸರ ಸಲ್ಲದು. ಗಂಟೆಗೆ ಅರ್ಧ ಡಿಗ್ರಿ, ಅದಕ್ಕಿಂತ ವೇಗ ಬೇಡ. ಚರ್ಮದ ರಕ್ತನಾಳಗಳು ಹಿಗ್ಗಿ ರಕ್ತದೊತ್ತಡ ಇಳಿಯಬಹುದು, ನಿಂತಿದ್ದ ಫಿಟ್ಸ್ ಮರಳಬಹುದು.

ಫಲ ಎಷ್ಟು? ವೈದ್ಯಕೀಯ ಪ್ರಯೋಗಗಳನ್ನು ಒಟ್ಟಿಗೆ ತೂಗಿನೋಡುವ ಕಾಕ್ರೇನ್ ಸಂಸ್ಥೆಯ 2013ರ ವಿಮರ್ಶೆ 11 ಪ್ರಯೋಗಗಳ 1505 ಮಕ್ಕಳ ಲೆಕ್ಕ ಒಟ್ಟುಗೂಡಿಸಿತು: 7 ಮಕ್ಕಳಿಗೆ ಕೂಲಿಂಗ್ ಮಾಡಿದರೆ ಒಂದು ಮಗು ಹೆಚ್ಚಾಗಿ ಸಾವಿನಿಂದ ಅಥವಾ ದೊಡ್ಡ ಅಂಗವೈಕಲ್ಯದಿಂದ ಪಾರಾಗುತ್ತದೆ. ಇನ್ನೂ ಹೆಚ್ಚು ತಂಪು, ಇನ್ನೂ ಹೆಚ್ಚು ದಿನ ಎಂದು ಅಮೆರಿಕದಲ್ಲಿ 32 ಡಿಗ್ರಿ ಮತ್ತು 120 ಗಂಟೆಯನ್ನು ಪರೀಕ್ಷಿಸಿ, ಲಾಭ ಕಾಣದೆ ನಿಲ್ಲಿಸಿದರು. ಕೂಲಿಂಗ್ ಜೊತೆಗೆ ಎರಿತ್ರೋಪೊಯೆಟಿನ್ (ಕೆಂಪು ರಕ್ತಕಣ ಹೆಚ್ಚಿಸುವ ಹಾರ್ಮೋನ್) ಕೊಟ್ಟು ನೋಡಿದ 2022ರ ಹೀಲ್ ಪ್ರಯೋಗವೂ ಸಫಲವಾಗಲಿಲ್ಲ.

ನಮಗೆ ಹೆಚ್ಚು ಮುಖ್ಯವಾದದ್ದು 2021ರಲ್ಲಿ ಪ್ರಕಟವಾದ ಹೆಲಿಕ್ಸ್ ಪ್ರಯೋಗ. ಭಾರತ, ಶ್ರೀಲಂಕಾ, ಬಾಂಗ್ಲಾದೇಶಗಳ ಏಳು ಆಸ್ಪತ್ರೆಗಳಲ್ಲಿ ನಡೆಯಿತು. ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯೂ ಅದರಲ್ಲಿತ್ತು. ಯಂತ್ರವೇ ಉಷ್ಣತೆ ಕಾಯುವ ಒಳ್ಳೆಯ ಉಪಕರಣ, 408 ಮಕ್ಕಳು. ಕೂಲಿಂಗ್ ಪಡೆದವರಲ್ಲಿ ಶೇ. 42, ಪಡೆಯದವರಲ್ಲಿ ಶೇ. 31 ಮಕ್ಕಳು ತೀರಿಕೊಂಡರು. ಸಾವು, ಅಂಗವೈಕಲ್ಯ ಎರಡನ್ನೂ ಸೇರಿಸಿದರೆ ಶೇ. 50 ಮತ್ತು ಶೇ. 47, ಅಂದರೆ ಲಾಭವಿಲ್ಲ. ಕಾರಣದ ಬಗ್ಗೆ ವಾದ ಇನ್ನೂ ನಡೆದಿದೆ. ಇಲ್ಲಿನ ಹಲವು ಮಕ್ಕಳಿಗೆ ಪೆಟ್ಟು ಒಮ್ಮೆಲೇ ಬಿದ್ದದ್ದಲ್ಲ, ಹೆರಿಗೆಯ ಎಷ್ಟೋ ಹೊತ್ತಿನ ಮುಂಚಿನಿಂದ ಸ್ವಲ್ಪ ಸ್ವಲ್ಪವಾಗಿ ಆದದ್ದು, ಹುಟ್ಟುವಷ್ಟರಲ್ಲೇ ಆ ಬಿಡುವು ತೀರಿಹೋಗಿರುತ್ತದೆ ಎಂಬುದು ಒಂದು ಬಲವಾದ ವಿವರಣೆ. ನಮ್ಮ ಅಭಿಪ್ರಾಯದಲ್ಲಿ, ಈ ಫಲಿತಾಂಶ ಬಂದ ಮೇಲೂ ಯಂತ್ರ ಕೊಂಡದ್ದೇ ಸಾಕೆಂಬಂತೆ ಕಂಡಕಂಡ ಕಡೆ ಕೂಲಿಂಗ್ ಶುರುಮಾಡುವುದು ಸರಿಯಲ್ಲ. ಹೆರಿಗೆ ನೋವಿನ ಹೊತ್ತಿನಲ್ಲಿ ಮಗುವಿನ ಎದೆಬಡಿತವನ್ನು ಬಿಡದೆ ಕೇಳುವುದು, ಹುಟ್ಟಿದ ಮೊದಲ ನಿಮಿಷದೊಳಗೆ ಬ್ಯಾಗ್ ಮತ್ತು ಮಾಸ್ಕಿನಿಂದ ಉಸಿರು ಕೊಡುವುದು, ಅದೂ ಕೋಣೆಯ ಗಾಳಿಯಿಂದಲೇ ಶುರುಮಾಡುವುದು, ಇವು ನಮ್ಮಲ್ಲಿ ಇನ್ನೂ ಹೆಚ್ಚು ಮಿದುಳುಗಳನ್ನು ಉಳಿಸುತ್ತವೆ.

ಕೂಲಿಂಗ್ ಇಲ್ಲದ ಆಸ್ಪತ್ರೆಯವರು ಈ ಮಗುವಿಗೆ ಜ್ವರ ಬಾರದಂತೆ ನೋಡಿಕೊಂಡರೂ ದೊಡ್ಡ ಉಪಕಾರ. ತಂಪು ಮಾಡದ ಎಚ್‌ಐಇ ಶಿಶುಗಳಲ್ಲಿ ಉಷ್ಣತೆ ಒಂದೊಂದು ಡಿಗ್ರಿ ಏರಿದಂತೆ ಸಾವು ಅಥವಾ ಅಂಗವೈಕಲ್ಯದ ಸಂಭವ ಮೂರೂವರೆ, ನಾಲ್ಕು ಪಟ್ಟು ಹೆಚ್ಚಿದ್ದು ಕಂಡಿದೆ. ವಾರ್ಮರನ್ನು ಪೂರ್ತಿ ಶಾಖಕ್ಕೆ ತಿರುಗಿಸಿ ಮರೆತರೆ ಆಗುವುದು ಅದೇ. ದೊಡ್ಡ ಆಸ್ಪತ್ರೆಗೆ ಕಳಿಸುವುದಾದರೆ ಚೀಟಿಯಲ್ಲಿ ಹುಟ್ಟಿದ ನಿಖರ ಸಮಯ, 1, 5, 10ನೆಯ ನಿಮಿಷದ ಅಪ್ಗಾರ್, ಗ್ಯಾಸ್ ಮಾಡಿದ್ದರೆ ಅದರ ಅಂಕಿ, ಫಿಟ್ಸ್ ಬಂದ ಹೊತ್ತು, ಹೊರಡುವಾಗಿನ ಉಷ್ಣತೆ ಬರೆಯಿರಿ. ಹುಟ್ಟಿದ ಸಮಯ ಗೊತ್ತಿಲ್ಲದೆ ಅಲ್ಲಿಯವರು ಆರು ಗಂಟೆಯ ಲೆಕ್ಕವನ್ನು ಎಲ್ಲಿಂದ ಶುರುಮಾಡಬೇಕು?

ಕೂಲಿಂಗ್ ಮುಗಿದ ಮೇಲೆ ಮೊದಲ ಎರಡು ವಾರದೊಳಗೆ ಎಂಆರ್‌ಐ ಮಾಡಿಸುತ್ತಾರೆ. ಮಿದುಳಿನಾಳದ ಬೇಸಲ್ ಗ್ಯಾಂಗ್ಲಿಯಾ, ಥಲಾಮಸ್‌ಗಳಿಗೆ ಪೆಟ್ಟಾಗಿದ್ದರೆ ಸೆರೆಬ್ರಲ್ ಪಾಲ್ಸಿಯ (ಮಿದುಳಿನ ಹಾನಿಯಿಂದ ಬರುವ ಚಲನೆಯ ತೊಂದರೆ) ಭಯ ಹೆಚ್ಚು. ಬೆನ್ನು, ಭುಜದ ಚರ್ಮದಡಿ ಗಟ್ಟಿ ಗಂಟು ಕಂಡರೆ ಅದು ಕೊಬ್ಬಿಗಾದ ಹಾನಿ. ವಾರಗಳ ನಂತರ ರಕ್ತದ ಕ್ಯಾಲ್ಸಿಯಂ ಏರಬಹುದಾದ್ದರಿಂದ ಪರೀಕ್ಷೆ ಮಾಡಿಸುತ್ತಿರಬೇಕು. ಕಿವಿ ಪರೀಕ್ಷೆ ಬಿಡುವಂತಿಲ್ಲ. ಮೂರು ತಿಂಗಳಾದಾಗ ಮಗು ತಾನಾಗಿ ಕೈಕಾಲಾಡಿಸುವ ರೀತಿಯನ್ನು ತಿಳಿದವರು ನೋಡಿದರೆ ಬಹಳಷ್ಟು ಗೊತ್ತಾಗುತ್ತದೆ. ಸರ್ಕಾರಿ ಜಿಲ್ಲಾ ಆರಂಭಿಕ ಮಧ್ಯಪ್ರವೇಶ ಕೇಂದ್ರಗಳಲ್ಲಿ ಫಿಸಿಯೋಥೆರಪಿ, ಮಾತಿನ ತರಬೇತಿ ಸಿಗುತ್ತದೆ. ಮಗು ತಡವಾಗಿ ಕುಳಿತೀತು ಎಂದು ಕಾಯದೆ ಡಿಸ್ಚಾರ್ಜ್ ಆದ ತಿಂಗಳಲ್ಲೇ ಹೆಸರು ಬರೆಸಿ.