ಎಷ್ಟು ಹಿಡಿಯಬಹುದು, ಎಷ್ಟು ಉಳಿಯಬೇಕು: ಸಮುದ್ರವನ್ನು ಕಾಯುವ ಮೀನುಗಾರಿಕೆಯ ಲೆಕ್ಕ

ಮೀನುಗಾರಿಕೆ ನಿರ್ವಹಣೆಯ ಪಾಠ ಶುರುವಾಗುವುದೇ ‘ಗರಿಷ್ಠ ಸುಸ್ಥಿರ ಇಳುವರಿ’ಯಿಂದ. ಸಮುದ್ರದ ಒಂದು ಭಾಗದಲ್ಲಿ ಒಂದು ಜಾತಿಯ ಮೀನು ಹೆಚ್ಚೆಂದರೆ ಇಷ್ಟು ಟನ್ ಬದುಕಬಲ್ಲದು ಎಂದು ಒಂದು ಮಿತಿ ಇರುತ್ತದೆ. ಆ ಮಿತಿ ಮುಟ್ಟಿದಾಗ ಆಹಾರವೂ ಜಾಗವೂ ಸಾಲದೆ ಬೆಳವಣಿಗೆ ನಿಲ್ಲುತ್ತದೆ. ಮೀನು ತೀರಾ ಕಡಿಮೆಯಾದಾಗ ಮೊಟ್ಟೆ ಇಡಲು ತಾಯಿಮೀನುಗಳೇ ಇರುವುದಿಲ್ಲ. ಮಿತಿಯ ಅರ್ಧದಷ್ಟಿರುವಾಗ ಬೆಳವಣಿಗೆ ಅತಿ ಹೆಚ್ಚು. ಆ ಬೆಳವಣಿಗೆಯಷ್ಟನ್ನೇ ವರ್ಷವರ್ಷವೂ ತೆಗೆಯುತ್ತಿದ್ದರೆ ಅಸಲು ಹಾಗೆಯೇ ಉಳಿಯುತ್ತದೆ, ಬಡ್ಡಿ ಮಾತ್ರ ಖರ್ಚಾಗುತ್ತದೆ. ಆ ಬಡ್ಡಿಯೇ ಗರಿಷ್ಠ ಸುಸ್ಥಿರ ಇಳುವರಿ.

ಪರೀಕ್ಷೆಗೆ ಇಷ್ಟು ಸಾಕು. ಆದರೆ ಈ ಲೆಕ್ಕ ಎಲ್ಲಿ ಕೈಕೊಡುತ್ತದೆ ಎಂಬುದನ್ನು ಒಮ್ಮೆ ಕಾಗದದ ಮೇಲೆ ಮಾಡಿ ನೋಡಲೇಬೇಕು.

ಸೂತ್ರ ಹೀಗಿದೆ: ವಾರ್ಷಿಕ ಬೆಳವಣಿಗೆ = ಬೆಳವಣಿಗೆಯ ದರ × ಇರುವ ಮೀನು × (1 − ಇರುವ ಮೀನು ÷ ಮಿತಿ). ಮಿತಿ 1000 ಟನ್, ದರ 0.4 ಎಂದಿಟ್ಟುಕೊಳ್ಳಿ. ಮೀನು 500 ಟನ್ ಇರುವಾಗ ಬೆಳವಣಿಗೆ 100 ಟನ್. ಹಾಗಾಗಿ ವರ್ಷಕ್ಕೆ 100 ಟನ್ ಹಿಡಿಯಲು ಅನುಮತಿ ಕೊಟ್ಟೆವು. ಆದರೆ ಮೀನನ್ನು ಯಾರೂ ಎಣಿಸಿರುವುದಿಲ್ಲ, ಎಲ್ಲವೂ ಅಂದಾಜು. ನಿಜವಾದ ಮಿತಿ 800 ಟನ್ ಆಗಿದ್ದರೆ? ಆಗ ಮೊದಲ ವರ್ಷ ಬೆಳೆಯುವುದು 75 ಟನ್, ಹಿಡಿಯುವುದು 100 ಟನ್. ಉಳಿಯುವುದು 475. ಐದನೇ ವರ್ಷದ ಕೊನೆಗೆ ಸುಮಾರು 390, ಹತ್ತನೇ ವರ್ಷದ ಕೊನೆಗೆ ಸುಮಾರು 280. ಇಲ್ಲಿಯವರೆಗೂ ದೋಣಿಗಳು ಪ್ರತಿ ವರ್ಷ ತಪ್ಪದೆ 100 ಟನ್ ತಂದಿವೆ. ಯಾರಿಗೂ ಗಾಬರಿಯಿಲ್ಲ. ಆಮೇಲೆ ಇಳಿತ ಕಡಿದಾಗುತ್ತದೆ: 15ನೇ ವರ್ಷಕ್ಕೆ 94, 16ನೇ ವರ್ಷಕ್ಕೆ 27. 17ನೇ ವರ್ಷ ಉಳಿದದ್ದನ್ನೆಲ್ಲ ಹಿಡಿದರೂ 100 ಟನ್ ಆಗುವುದಿಲ್ಲ, ಆಮೇಲೆ ಬಲೆ ಖಾಲಿ. ಅಂದಾಜಿನಲ್ಲಾದ ತಪ್ಪು ಐದರಲ್ಲಿ ಒಂದು ಪಾಲು ಮಾತ್ರ. ಈ ಕೋಷ್ಟಕವನ್ನು ನೀವೇ ಕೈಯಾರೆ ಬರೆದು ನೋಡಿ. ಕೊನೆಯ ಮೂರು ಸಾಲು ಬರೆಯುವಾಗ ಆಗುವ ಸಂಕಟ ಓದಿದರೆ ಆಗುವುದಿಲ್ಲ.

ಕೆನಡಾದ ನ್ಯೂಫೌಂಡ್‌ಲ್ಯಾಂಡ್ ತೀರದ ಕಾಡ್ ಮೀನಿನ ಕಥೆಯಲ್ಲಿ ಇದಕ್ಕೆ ಇನ್ನೊಂದು ಮೋಸವೂ ಸೇರಿತ್ತು. ಕಾಡ್ ಸಂಖ್ಯೆ ಕುಸಿದಂತೆಲ್ಲ ಉಳಿದವು ಒಂದೆಡೆ ಗುಂಪುಗೂಡಿದವು. ಟ್ರಾಲರ್‌ಗಳು ಆ ಗುಂಪನ್ನೇ ಹುಡುಕಿ ಬಲೆ ಬೀಸಿದ್ದರಿಂದ ಪ್ರತಿ ಗಂಟೆಯ ಹಿಡಿತ ಚೆನ್ನಾಗಿಯೇ ಕಂಡಿತು. ಹಿಡಿತ ಚೆನ್ನಾಗಿದ್ದರೆ ಮೀನೂ ಚೆನ್ನಾಗಿದೆ ಎಂದು ನಂಬಲಾಯಿತು. 1992ರ ಜುಲೈನಲ್ಲಿ ಸರ್ಕಾರ ಕಾಡ್ ಮೀನುಗಾರಿಕೆಯನ್ನೇ ನಿಲ್ಲಿಸಬೇಕಾಯಿತು. ಸುಮಾರು 30,000 ಜನರ ದುಡಿಮೆ ಒಮ್ಮೆಗೇ ಹೋಯಿತು. ಆ ನಿಷೇಧ ತೆರವಾದದ್ದು 2024ರಲ್ಲಿ. ಸಮುದ್ರವನ್ನು ಕಾಯುವುದೆಂದರೆ ಮೀನುಗಾರರ ಹೊಟ್ಟೆಯ ಮೇಲೆ ಹೊಡೆಯುವುದು ಎಂದು ವಾದಿಸುವವರಿಗೆ ನಾನು ಈ ಕಥೆಯನ್ನೇ ಹೇಳುತ್ತೇನೆ.

ಇಲ್ಲಿಯವರೆಗೆ ನೋಡಿದ್ದು ಒಂದೇ ಜಾತಿಯ ಲೆಕ್ಕ. ಅಂದಾಜು ನೂರಕ್ಕೆ ನೂರು ಸರಿಯಿದ್ದರೂ ಅದರಲ್ಲಿ ಒಂದು ದೊಡ್ಡ ಕೊರತೆಯಿದೆ: ಆ ಮೀನನ್ನು ತಿಂದು ಬದುಕುವ ಬೇರೆ ಜೀವಿಗಳ ಪಾಲು ಅಲ್ಲಿ ಎಲ್ಲೂ ಬರುವುದಿಲ್ಲ. ಆ ಪಾಲನ್ನೂ ಲೆಕ್ಕಕ್ಕೆ ಹಿಡಿಯುವ ‘ಪರಿಸರ ಆಧಾರಿತ ನಿರ್ವಹಣೆ’ ಬೇರೆಯಾಗುವುದು ಇಲ್ಲಿಯೇ.

ಇದಕ್ಕೆ ಅತ್ಯಂತ ಸ್ಪಷ್ಟ ಉದಾಹರಣೆ ಅಂಟಾರ್ಕ್ಟಿಕದ ಕ್ರಿಲ್. ಸಿಗಡಿಯನ್ನು ಹೋಲುವ, ಬೆರಳಿಗಿಂತ ಚಿಕ್ಕದಾದ ಈ ಜೀವಿಯನ್ನು ತಿಮಿಂಗಿಲ, ಸೀಲ್, ಪೆಂಗ್ವಿನ್‌ಗಳು ತಿಂದು ಬದುಕುತ್ತವೆ. 1982ರಲ್ಲಿ ಜಾರಿಗೆ ಬಂದ ಅಂಟಾರ್ಕ್ಟಿಕ ಕಡಲ ಜೀವಸಂಪತ್ತಿನ ಒಪ್ಪಂದ, ಹಿಡಿಯುವ ಜಾತಿಯ ಜೊತೆಗೆ ಅದನ್ನು ಅವಲಂಬಿಸಿದ ಜಾತಿಗಳನ್ನೂ ಕಾಪಾಡಬೇಕೆಂದು ಹೇಳುತ್ತದೆ. ಅದರಂತೆ ರೂಪಿಸಿದ ಕ್ರಿಲ್ ನಿಯಮದಲ್ಲಿ, ಮೀನುಗಾರಿಕೆಯೇ ಇಲ್ಲದಿದ್ದರೆ ಇರುತ್ತಿದ್ದ ಪ್ರಮಾಣದ ಶೇ 75ರಷ್ಟು ಉಳಿಯುವುದು ಗುರಿ. ನಮ್ಮ ಸೂತ್ರದ ಪ್ರಕಾರವಾದರೆ ಶೇ 50 ಉಳಿದರೂ ಸಾಕಿತ್ತು. ಆ ಶೇ 25ರ ವ್ಯತ್ಯಾಸ ತಿಮಿಂಗಿಲ, ಪೆಂಗ್ವಿನ್‌ಗಳ ಪಾಲು. ಈ ಒಂದು ವಾಕ್ಯ ಮನಸ್ಸಿಗೆ ಹತ್ತಿದರೆ ಇಡೀ ಅಧ್ಯಾಯ ಅರ್ಥವಾದಂತೆ.

ಬೂತಾಯಿ, ಆಂಚೊವಿಯಂತಹ ಸಣ್ಣ ಮೀನುಗಳಿಗೂ ಇದೇ ತರ್ಕ. ಹದಿನಾಲ್ಕು ಜಾತಿಯ ಕಡಲ ಹಕ್ಕಿಗಳ ದೀರ್ಘಕಾಲದ ದಾಖಲೆಗಳನ್ನು ಒಟ್ಟಿಗೆ ಪರಿಶೀಲಿಸಿದ 2011ರ ಅಧ್ಯಯನವೊಂದರಲ್ಲಿ, ಆಹಾರದ ಮೀನು ತನ್ನ ಗರಿಷ್ಠ ಪ್ರಮಾಣದ ಮೂರನೇ ಒಂದು ಭಾಗಕ್ಕಿಂತ ಕಡಿಮೆಯಾದಾಗ ಹಕ್ಕಿಗಳು ಮರಿ ಮಾಡಿ ಬೆಳೆಸುವುದು ಕುಸಿಯುತ್ತದೆ ಎಂದು ಕಂಡುಬಂತು.

ಆಹಾರ ಸರಪಳಿಯ ಮೇಲ್ತುದಿಯಿಂದಲೂ ಇದೇ ವಿಷಯ ಕಾಣುತ್ತದೆ. ನ್ಯೂಜಿಲೆಂಡ್‌ನ ಲೀ ಎಂಬಲ್ಲಿ ಬಂಡೆಗಳ ಮೇಲಿನ ಕೆಲ್ಪ್ ಕಡಲಪಾಚಿ ನಾಶವಾಗಿ ಬರಿ ಬಂಡೆ ಉಳಿದಿತ್ತು. ಮೇಯ್ದದ್ದು ಸೀ ಅರ್ಚಿನ್, ಮೈತುಂಬ ಮುಳ್ಳಿರುವ ಚೆಂಡಿನಂತಹ ಜೀವಿ. ಅದನ್ನು ತಿನ್ನುವ ಸ್ನ್ಯಾಪರ್ ಮೀನು ಮತ್ತು ಲಾಬ್‌ಸ್ಟರ್‌ಗಳನ್ನು ಮನುಷ್ಯರು ಹಿಡಿದು ಮುಗಿಸಿದ್ದರಿಂದ ಅರ್ಚಿನ್‌ಗೆ ಅಂಕೆಯಿರಲಿಲ್ಲ. 1975ರಲ್ಲಿ ಸುಮಾರು 5 ಚದರ ಕಿಲೋಮೀಟರ್ ಜಾಗದಲ್ಲಿ ಹಿಡಿಯುವುದನ್ನು ಪೂರ್ತಿ ನಿಲ್ಲಿಸಲಾಯಿತು. ಮೊದಲು ಸ್ನ್ಯಾಪರ್, ಲಾಬ್‌ಸ್ಟರ್ ಹೆಚ್ಚಿದವು, ಅರ್ಚಿನ್ ತಗ್ಗಿತು, ದಶಕಗಳಲ್ಲಿ ಕೆಲ್ಪ್ ಮತ್ತೆ ಬೆಳೆಯಿತು. ಪಾಚಿಯನ್ನು ಯಾರೂ ನೆಡಲಿಲ್ಲ. ಇಂತಹ ಜಾಗಗಳಲ್ಲಿ ಹಳೆಯ ದೊಡ್ಡ ಹೆಣ್ಣುಮೀನುಗಳು ಉಳಿಯುವುದು ಇನ್ನೊಂದು ಲಾಭ. ದೊಡ್ಡ ಮೀನು ತನ್ನ ತೂಕದ ಅನುಪಾತಕ್ಕಿಂತ ಬಹಳ ಹೆಚ್ಚು ಮೊಟ್ಟೆ ಇಡುತ್ತದೆ: 61 ಸೆಂ.ಮೀ. ಉದ್ದದ ಒಂದು ಕೆಂಪು ಸ್ನ್ಯಾಪರ್, 42 ಸೆಂ.ಮೀ. ಉದ್ದದ 212 ಸ್ನ್ಯಾಪರ್‌ಗಳಿಗೆ ಸಮ ಎಂಬ ಲೆಕ್ಕವಿದೆ.

ಬೇಡದ ಜೀವಿಗಳು ಬಲೆಗೆ ಬೀಳುವ ಸಮಸ್ಯೆಗೆ ಪರಿಹಾರ ಬಹುಪಾಲು ಸಲಕರಣೆಯಲ್ಲಿದೆ. ಸಿಗಡಿ ಟ್ರಾಲ್ ಬಲೆಯಲ್ಲಿ ಸಿಕ್ಕ ಆಮೆ ಉಸಿರಾಡಲು ಮೇಲೆ ಬರಲಾಗದೆ ಸಾಯುತ್ತದೆ. ಬಲೆಯ ಕೊರಳಲ್ಲಿ ಓರೆಯಾಗಿ ಒಂದು ಕಂಬಿಗಳ ಚೌಕಟ್ಟು ಕೂರಿಸಿದರೆ ಸಿಗಡಿ ಕಂಬಿಗಳ ನಡುವೆ ನುಸುಳಿ ಹಿಂದಕ್ಕೆ ಹೋಗುತ್ತದೆ, ಆಮೆ ಕಂಬಿಗೆ ತಾಗಿ ಜಾರಿ ಬಲೆಯ ಮೇಲ್ಭಾಗದ ಅಥವಾ ಕೆಳಭಾಗದ ಕಿಂಡಿಯಿಂದ ಹೊರಬೀಳುತ್ತದೆ. ಉದ್ದ ಗಾಳದ ಸಾಲುಗಳಲ್ಲಿ ಆಲ್ಬಟ್ರಾಸ್ ಹಕ್ಕಿಗಳು ಸಿಕ್ಕಿಬೀಳದಿರಲು ಬಣ್ಣದ ಪಟ್ಟಿಗಳ ಹಗ್ಗ, ಗಾಳಕ್ಕೆ ಭಾರ, ರಾತ್ರಿ ಹೊತ್ತು ಗಾಳ ಇಳಿಸುವುದು ಎಂಬ ಮೂರು ಉಪಾಯಗಳಿವೆ.

ಈಗ ಮತ್ತೆ ನಮ್ಮ ಕೋಷ್ಟಕಕ್ಕೆ ಬನ್ನಿ. ಮಿತಿ 800 ಟನ್ ಇರಲಿ, ಹಿಡಿತ ಮಾತ್ರ 100ರ ಬದಲು 60 ಆಗಲಿ. 500ರಿಂದ ಹೊರಟ ಮೀನು ಮೊದಲ ವರ್ಷವೇ 515ಕ್ಕೆ ಏರಿ, ನಿಧಾನವಾಗಿ 600ರ ಬಳಿ ನಿಲ್ಲುತ್ತದೆ. ಅದು 800ರ ಶೇ 75. ಅಂದರೆ ಗರಿಷ್ಠ ಇಳುವರಿಯಾದ 80 ಟನ್‌ನಲ್ಲಿ 20 ಟನ್ ಬಿಟ್ಟುಕೊಟ್ಟರೆ ಸಮುದ್ರದಲ್ಲಿ 200 ಟನ್ ಹೆಚ್ಚು ಮೀನು ಇರುತ್ತದೆ. ಆದರೆ ಮೀನು ಆಗಲೇ 200ಕ್ಕಿಂತ ಕೆಳಗಿಳಿದಿದ್ದರೆ ಈ 60 ಟನ್ ಕೂಡ ಅದನ್ನು ಮುಗಿಸುತ್ತದೆ. ಆದ್ದರಿಂದಲೇ ಒಳ್ಳೆಯ ನಿಯಮಗಳಲ್ಲಿ ಹಿಡಿತಕ್ಕೆ ಒಂದೇ ಸ್ಥಿರ ಸಂಖ್ಯೆ ಇರುವುದಿಲ್ಲ. ಮೀನು ಇಳಿದಂತೆ ಹಿಡಿತವೂ ಇಳಿಯಬೇಕು, ಇಂತಿಷ್ಟಕ್ಕಿಂತ ಕೆಳಗೆ ಹೋದರೆ ಸೊನ್ನೆಯಾಗಬೇಕು, ಆ ಗೆರೆಯನ್ನು ಮೀನು ಚೆನ್ನಾಗಿರುವಾಗಲೇ ಎಳೆದು ಎಲ್ಲರ ಒಪ್ಪಿಗೆ ಪಡೆದಿರಬೇಕು.