ನಾಲ್ಕು ಸಿಲಿಂಡರಿನ ಫೋರ್ಡ್ ಹಾಟ್ ರಾಡ್ ಆಗುತ್ತದೆಯೇ?

ಪ್ರಶ್ನೆ: ಹಾಟ್ ರಾಡ್ (ವೇಗಕ್ಕಾಗಿ ಮಾರ್ಪಡಿಸಿದ ಹಳೇ ಕಾರು) ಎಂದರೆ 1932ರ, ಎಂಟು ಸಿಲಿಂಡರಿನ ಫೋರ್ಡ್ ವಿ-8 ತಾನೇ? ಅದಕ್ಕೂ ಹಿಂದಿನ ಫೋರ್ಡ್ ಮಾಡೆಲ್ ಎ ಗಾಡಿಯ ನಾಲ್ಕು ಸಿಲಿಂಡರ್ ಎಂಜಿನ್ನನ್ನೇ ಉಳಿಸಿಕೊಂಡರೆ ಅದನ್ನೂ ಹಾಟ್ ರಾಡ್ ಅನ್ನಬಹುದೇ?

ಉತ್ತರ: ಅನ್ನಬಹುದಲ್ಲ, ಅನ್ನಲೇಬೇಕು. "ವಿ-8 ಬಂದಮೇಲೆ ಹಾಟ್ ರಾಡ್ ಹುಟ್ಟಿತು" ಎಂಬ ಮಾತನ್ನು ಎಷ್ಟು ಸಲ ಕಿತ್ತರೂ ಮತ್ತೆ ಚಿಗುರುತ್ತದೆ. ಈ ಸಲ ಬೇರಿಗೇ ಕೈ ಹಾಕೋಣ.

ಕ್ಯಾಲಿಫೋರ್ನಿಯಾದ ಮ್ಯೂರಾಕ್‌ನ ಬತ್ತಿದ ಕೆರೆಯಂಗಳದಲ್ಲಿ ಹುಡುಗರು ಮಡ್‌ಗಾರ್ಡ್ ಕಳಚಿದ ಗಾಡಿಗಳನ್ನು ಓಡಿಸತೊಡಗಿದಾಗ ಫೋರ್ಡ್ ವಿ-8 ಇನ್ನೂ ಬಂದೇ ಇರಲಿಲ್ಲ. ಮಾಡೆಲ್ ಎಗೂ ಹಿಂದಿನ ಫೋರ್ಡ್ ಮಾಡೆಲ್ ಟಿ ಎಂಜಿನ್ನಿಗೆ ಷೆವ್ರೊಲೆ ಸೋದರರ ಫ್ರಾಂಟೆನಾಕ್ ಹೆಡ್ (ಸಿಲಿಂಡರ್‌ಗಳ ಮೇಲಿನ ಮುಚ್ಚಳ) 1920ರ ದಶಕದಲ್ಲೇ ಸಿಗುತ್ತಿತ್ತು. ಮಾಡೆಲ್ ಎ ಎಂಜಿನ್ನಿಗೆ ಎಡ್ ವಿನ್‌ಫೀಲ್ಡ್ ಮಾಡಿದ ಕ್ಯಾಮ್ (ವಾಲ್ವ್ ತೆರೆಯುವ ದಂಡ), ಹೆಚ್ಚು ಕಂಪ್ರೆಶನ್ನಿನ, ಅಂದರೆ ಮಿಶ್ರಣವನ್ನು ಹೆಚ್ಚು ಒತ್ತುವ ಹೆಡ್ ಇದ್ದವು. ರೈಲಿ, ಕ್ರೇಗರ್ ಹೆಸರಿನ ಓವರ್‌ಹೆಡ್ ವಾಲ್ವ್ (ವಾಲ್ವ್ ಹೆಡ್‌ನಲ್ಲೇ ಇರುವ) ಹೆಡ್‌ಗಳೂ ಇದ್ದವು. ವಾಲ್ವ್ ಬ್ಲಾಕಿನಲ್ಲಿರುವ ಫ್ಲಾಟ್‌ಹೆಡ್ ವಿ-8ಗೆ ಆರ್ಡನ್ ಓವರ್‌ಹೆಡ್ ವಾಲ್ವ್ ಹೆಡ್ ಬಂದದ್ದು ಇದಾದ ಎಷ್ಟೋ ವರ್ಷಕ್ಕೆ, 1947ರಲ್ಲಿ.

"ಮಾಡೆಲ್ ಎ 40 ಅಶ್ವಶಕ್ತಿ, 1932ರ ನಾಲ್ಕು ಸಿಲಿಂಡರಿನ ಮಾಡೆಲ್ ಬಿ 50, ವಿ-8 65" ಎಂದು ಲೆಕ್ಕ ಒಪ್ಪಿಸುವವರು ಒಂದನ್ನು ಮರೆಯುತ್ತಾರೆ: ಇವು ಕಾರ್ಖಾನೆಯಿಂದ ಹೊರಬಿದ್ದ ದಿನದ ಅಂಕಿಗಳು. ಹಾಟ್ ರಾಡ್ ಕೆಲಸ ಶುರುವಾಗುವುದೇ ಅಲ್ಲಿಂದಾಚೆ. ಮೊದಲ ವರ್ಷಗಳ ವಿ-8 ಆಯಿಲ್ ಕುಡಿಯುತ್ತಿತ್ತು. ಎಕ್ಸಾಸ್ಟ್ ದಾರಿ ಬ್ಲಾಕಿನ ಒಳಗೇ ಹಾದುಹೋಗುವುದರಿಂದ ನೀರೂ ಬೇಗ ಕಾಯುತ್ತಿತ್ತು. ಮುಂದೆ ವಿ-8 ಮೇಲುಗೈ ಪಡೆಯಿತು, ಒಪ್ಪೋಣ. ಆದರೆ ಆ ಹೊತ್ತಿಗೆ ಈ ವಿದ್ಯೆಯನ್ನು ಕಲಿಸಿಯಾಗಿತ್ತು, ಕಲಿಸಿದ್ದು ನಾಲ್ಕು ಸಿಲಿಂಡರ್.

ಇನ್ನು ಯಾರೂ ಕೇಳದ, ಆದರೆ ಕೇಳಲೇಬೇಕಾದ ಪ್ರಶ್ನೆ: ಹೆಡ್ ಬದಲಿಸಿದರೆ ಸಾಕೇ? ಸಾಲದು. ಮಾಡೆಲ್ ಎ ಕಂಪ್ರೆಶನ್ 4.22:1. ಅದಕ್ಕೆ 5.5:1ರ ಹೆಡ್ ಕೂರಿಸಿ, ನಟ್‌ಗಳನ್ನು ನಡುವಿನಿಂದ ಅಂಚಿನತ್ತ ಮೂರು ಸುತ್ತಿನಲ್ಲಿ 55 ಅಡಿ-ಪೌಂಡ್‌ವರೆಗೆ ಬಿಗಿಯಬಹುದು. ಅದು ಸುಲಭದ ಕೆಲಸ. ತೊಂದರೆ ಸ್ಟೀರಿಂಗ್‌ನ ಎಡಬದಿಯ ಸ್ಪಾರ್ಕ್ ಕಡ್ಡಿಯಲ್ಲಿದೆ, ಅಂದರೆ ಕಿಡಿ ಹಾರುವ ಹೊತ್ತನ್ನು ಹೊಂದಿಸುವ ಕಡ್ಡಿಯಲ್ಲಿ. ಹಳೇ ಅಭ್ಯಾಸದಂತೆ ಅದನ್ನು ಪೂರಾ ಕೆಳಗೆಳೆದರೆ ಕಿಡಿ ಬೇಗ ಹಾರಿ ಎಂಜಿನ್ ಬಡಿಯುತ್ತದೆ. ಆ ಪೆಟ್ಟು ಬೀಳುವುದು ಬ್ಯಾಬಿಟ್ ಎಂಬ ಮೆದು ಲೋಹದಿಂದ ಎರಕ ಹೊಯ್ದ ಬೇರಿಂಗ್ ಮೇಲೆ. ಬ್ಯಾಬಿಟ್ ಮೊದಲು ಕೂದಲೆಳೆಯಷ್ಟು ಬಿರಿಯುತ್ತದೆ, ಆಮೇಲೆ ಚೂರುಚೂರಾಗಿ ಆಯಿಲ್ ಪ್ಯಾನ್ ಸೇರುತ್ತದೆ.

ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ದಂಡ) ಕೂಡ ಸಣ್ಣದು. ಮೇನ್ ಜರ್ನಲ್ (ಬೇರಿಂಗಿನಲ್ಲಿ ಕೂರುವ ಭಾಗ) 1.625 ಇಂಚು, ಇರುವುದು ಮೂರೇ ಮೇನ್ ಬೇರಿಂಗ್, ಸಮತೋಲನದ ತೂಕವಾದ ಕೌಂಟರ್‌ವೇಟ್ ಇಲ್ಲ. ವೇಗ ಏರಿದಾಗ ನಡು ಬಳುಕುತ್ತದೆ. ಆದ್ದರಿಂದ ಜೋರಾಗಿ ಓಡಿಸುವ ಆಸೆಯಿದ್ದರೆ ಬಿ ಬ್ಲಾಕ್ ಹುಡುಕಿ. ಸಿಲಿಂಡರ್‌ಗಳ ಒಟ್ಟು ಅಳತೆ ಅದೇ 200.5 ಕ್ಯೂಬಿಕ್ ಇಂಚು, ಆದರೆ ಜರ್ನಲ್ 2 ಇಂಚು, ಮೇನ್‌ಗಳಿಗೆ ಒತ್ತಡದಲ್ಲೇ ಆಯಿಲ್ ಹೋಗುತ್ತದೆ. ಎ ಗಾಡಿಯ ಟ್ಯಾಂಕ್ ವಿಂಡ್‌ಶೀಲ್ಡ್ ಮುಂದೆ ಎತ್ತರದಲ್ಲಿರುವುದರಿಂದ ಪೆಟ್ರೋಲ್ ತಾನೇ ಇಳಿಯುತ್ತದೆ, ಬಿ ಬ್ಲಾಕಿನ ಫ್ಯುಯೆಲ್ ಪಂಪ್ ಬೇಕಿಲ್ಲ. ಪಂಪ್ ತೆಗೆದ ಕಿಂಡಿಗೆ ಗ್ಯಾಸ್ಕೆಟ್ ಇಟ್ಟು ಪ್ಲೇಟ್ ಮುಚ್ಚಿ. ಬಿಟ್ಟರೆ ಅಲ್ಲಿಂದ ಆಯಿಲ್ ಸೋರುತ್ತದೆ.